ಕೀರ್ತನೆಗಳನ್ನು ಕೂಡಿ ಓದುವ ಬಗೆ: ಅಧ್ಯಯನಕೂಟ ನಡೆಸುವವರಿಗೆ

ಪೌಲನ ಪತ್ರಿಕೆಗಳನ್ನು ವಚನ ವಚನವಾಗಿ ಬಿಡಿಸಿ, ಪ್ರತಿಯೊಂದರಿಂದ ಒಂದು ಬೋಧನೆಯನ್ನು ಹೆಕ್ಕಿಕೊಳ್ಳುವ ಕ್ರಮ ನಮ್ಮ ಕೂಟಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಅದೇ ಕ್ರಮದಲ್ಲಿ ಸತ್ಯವೇದದ (ಬೈಬಲಿನ) ಕೀರ್ತನೆಗಳನ್ನು ಓದಲು ಹೊರಟರೆ ಎರಡು ಮೂರು ವಾರಗಳಲ್ಲೇ ಕೂಟ ಸಪ್ಪೆಯಾಗುತ್ತದೆ. ಕೀರ್ತನೆ ಎಂಬುದು ಮೊದಲಿಗೆ ಪ್ರಾರ್ಥನೆ. ಅದಕ್ಕೆ ಒಂದು ಆರಂಭ, ಒಂದು ಏರಿಳಿತ, ಬಹಳ ಸಲ ಒಂದು ತಿರುವು ಇರುತ್ತದೆ. ಅದನ್ನು ಇಡಿಯಾಗಿ ಬಾಯಿಂದ ಆಡಿ ಕಿವಿಯಿಂದ ಕೇಳಿದ ಮೇಲೆಯೇ ಅರ್ಥದ ಚರ್ಚೆಗೆ ಇಳಿಯಬೇಕು ಎಂಬುದು ಈ ಬರಹದ ಮುಖ್ಯ ಸಲಹೆ. ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ವಾರಕ್ಕೊಮ್ಮೆ ಸೇರುವ ಹತ್ತು ಹದಿನೈದು ಮಂದಿಯ ಕೂಟಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ.

ಮೊದಲ ಪ್ರಶ್ನೆ ಯಾವ ಕೀರ್ತನೆಗಳನ್ನು ಓದುವುದು ಎಂಬುದು. ಒಂದರಿಂದ ಆರಂಭಿಸಿ ವಾರಕ್ಕೊಂದರಂತೆ 150ನ್ನೂ ಮುಗಿಸುತ್ತೇವೆಂದು ಹೊರಟರೆ ಮೂರು ವರ್ಷಗಳೇ ಹಿಡಿಯುತ್ತವೆ. ಅಷ್ಟರೊಳಗೆ ಅರ್ಧ ಕೂಟ ಕರಗಿರುತ್ತದೆ. ಎಂಟು ವಾರಗಳಿಗೆ ಎಂಟು ಕೀರ್ತನೆಗಳನ್ನು ಆರಿಸಿಕೊಂಡರೆ ಸಾಕು. 13, 42 ಮತ್ತು 43 ಒಟ್ಟಾಗಿ, 51, 73, 107, 88, 137, ಕೊನೆಗೆ 103 ಎಂಬುದು ನಾನು ಸೂಚಿಸುವ ಸಾಲು. ಇದರಲ್ಲಿ 23ನೆಯ ಕೀರ್ತನೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ಅದು ಎಲ್ಲರಿಗೂ ಬಾಯಿಪಾಠವಾಗಿರುವುದರಿಂದ ಓದು ನಾಲಿಗೆಯಲ್ಲಷ್ಟೇ ನಡೆಯುತ್ತದೆ, ಗಮನ ಮಾತ್ರ ಬೇರೆಲ್ಲೋ ಇರುತ್ತದೆ. ಉಳಿದ ಕೀರ್ತನೆಗಳಲ್ಲಿ ನುರಿತ ಮೇಲೆ ಅದಕ್ಕೆ ಬಂದರೆ ಹೊಸದಾಗಿ ಕಾಣುತ್ತದೆ.

ಮುಂದಾಳು ಮನೆಯಲ್ಲಿ ಮಾಡಿಕೊಳ್ಳಬೇಕಾದ ಸಿದ್ಧತೆ ದೊಡ್ಡದೇನಲ್ಲ. ಕೀರ್ತನೆಗಳ ಪುಸ್ತಕವು 1–41, 42–72, 73–89, 90–106, 107–150 ಎಂಬ ಐದು ಭಾಗಗಳಾಗಿ ವಿಂಗಡವಾಗಿದೆ. ಮೊದಲ ನಾಲ್ಕು ಭಾಗಗಳು ಒಂದೊಂದು ಸ್ತುತಿವಾಕ್ಯದಿಂದ ಮುಗಿದರೆ, ಐದನೆಯ ಭಾಗಕ್ಕೆ 150ನೆಯ ಕೀರ್ತನೆಯೇ ಇಡಿಯಾಗಿ ಸ್ತುತಿಯ ಮುಕ್ತಾಯವಾಗುತ್ತದೆ. ಅಂದಿನ ಕೀರ್ತನೆ ಇವುಗಳಲ್ಲಿ ಎಲ್ಲಿ ಕುಳಿತಿದೆ ಎಂದು ತಿಳಿದಿರಲಿ. ತಲೆಬರಹವನ್ನು ತಪ್ಪದೆ ನೋಡಿಕೊಳ್ಳಿ. ಮೂಲ ಹೀಬ್ರೂ ಪಾಠದಲ್ಲಿ ದಾವೀದನ ಹೆಸರು 73 ಕೀರ್ತನೆಗಳ ಮೇಲಿದೆ, ಆಸಾಫನದು 12ರ ಮೇಲೆ. ಕೋರಹೀಯರು, ಸೊಲೊಮೋನ, ಹೇಮಾನ, ಏತಾನ, ಮೋಶೆ ಇವರ ಹೆಸರುಗಳೂ ಬರುತ್ತವೆ. ಎಲ್ಲವನ್ನೂ ದಾವೀದನೇ ಬರೆದನೆಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಈ ಒಂದು ವಿಷಯವನ್ನು ಹೇಳಿದರೆ ಸಾಕು, ಎಲ್ಲರೂ ಪುಸ್ತಕ ತಿರುವಿ ನೋಡತೊಡಗುತ್ತಾರೆ.

ಇನ್ನೊಂದು ಸಣ್ಣ ತೊಡಕು ಸಂಖ್ಯೆಯದು. ಪ್ರಾಟೆಸ್ಟಂಟರೂ ಕಥೋಲಿಕರೂ ಒಟ್ಟಿಗೆ ಕುಳಿತುಕೊಳ್ಳುವ ಕೂಟಗಳಲ್ಲಿ ಹಳೆಯ ಲತೀನ್ ಎಣಿಕೆಯ ಪುಸ್ತಕವೊಂದು ಯಾರಾದರೊಬ್ಬರ ಕೈಯಲ್ಲಿರಬಹುದು. ಅದರಲ್ಲಿ 9 ಮತ್ತು 10 ಸೇರಿ ಒಂದಾಗಿರುವುದರಿಂದ ನಮ್ಮ 51 ಅಲ್ಲಿ 50 ಆಗಿರುತ್ತದೆ. ಕೆಲವು ಆವೃತ್ತಿಗಳಲ್ಲಿ ತಲೆಬರಹವೂ ಒಂದನೆಯ ವಚನವೆಂದು ಎಣಿಕೆಗೆ ಬರುತ್ತದೆ. ಆರಂಭದಲ್ಲೇ ಮೊದಲ ಸಾಲನ್ನು ಓದಿ ಎಲ್ಲರೂ ಒಂದೇ ಪುಟದಲ್ಲಿದ್ದಾರೆಂದು ಖಚಿತಪಡಿಸಿಕೊಳ್ಳಿ.

ಕೂಟ ಸೇರಿದ ಮೇಲೆ ಹಾಡು ಮತ್ತು ಚುಟುಕು ಪ್ರಾರ್ಥನೆ ಮುಗಿಸಿ, ಯಾವ ಪೀಠಿಕೆಯನ್ನೂ ಹಾಕದೆ ಕೀರ್ತನೆಯನ್ನು ಎರಡು ಬಾರಿ ಗಟ್ಟಿಯಾಗಿ ಓದಿಸಿ. ಮೊದಲ ಓದು ಒಬ್ಬರದೇ ಆಗಿರಲಿ, ಮತ್ತು ಉಳಿದವರು ಪುಸ್ತಕ ಮುಚ್ಚಿ ಕೇಳಲಿ. ಎರಡನೆಯದನ್ನು ಕೋಣೆಯ ಎರಡು ಬದಿಯವರು ಹಂಚಿಕೊಳ್ಳಲಿ, ಏಕೆಂದರೆ ಹೀಬ್ರೂ ಕಾವ್ಯದ ಸಾಲು ಸಾಮಾನ್ಯವಾಗಿ ಎರಡು ಹೋಳುಗಳಲ್ಲಿ ನಡೆಯುತ್ತದೆ: ಮೊದಲ ಹೋಳು ಹೇಳಿದ್ದನ್ನು ಎರಡನೆಯದು ಮತ್ತೊಂದು ಮಾತಿನಲ್ಲಿ ಹೇಳುತ್ತದೆ, ಮುಂದಕ್ಕೆ ಒಯ್ಯುತ್ತದೆ, ಇಲ್ಲವೇ ತಿರುಗಿಸಿ ನಿಲ್ಲಿಸುತ್ತದೆ. 26 ವಚನಗಳಲ್ಲೂ ಒಂದೇ ಪಲ್ಲವಿ ಮರಳುವ 136ನೆಯ ಕೀರ್ತನೆಯನ್ನು ಒಂದು ದಿನ ಹೀಗೆ ಓದಿಸಿದರೆ ವಿವರಣೆಯೇ ಬೇಡ. ನೇಜಿ ನೆಡುವಾಗ ಒಬ್ಬಾಕೆ ಎತ್ತಿಕೊಟ್ಟ ಸಾಲಿಗೆ ಗದ್ದೆಯ ಉಳಿದ ಹೆಂಗಸರು ‘ಓ ಬೇಲೆ’ ಎಂದು ದನಿಗೂಡಿಸುತ್ತಿದ್ದುದನ್ನು ಕೇಳಿ ಬೆಳೆದ ಹಿರಿಯರಿಗೆ ಈ ಓದಿನ ಹದ ತಟ್ಟನೆ ಸಿಗುತ್ತದೆ.

ಚರ್ಚೆಯನ್ನು ಮೂರು ಪ್ರಶ್ನೆಗಳಿಂದ ಆರಂಭಿಸಬಹುದು: ಇಲ್ಲಿ ಮಾತಾಡುವವನು ಯಾರೊಡನೆ ಮಾತಾಡುತ್ತಿದ್ದಾನೆ, ಅವನಿಗೆ ಏನಾಗಿದೆ, ಮಾತಿನ ದನಿ ಎಲ್ಲಿ ಬದಲಾಗುತ್ತದೆ. 13ನೆಯ ಕೀರ್ತನೆಯನ್ನೇ ತೆಗೆದುಕೊಳ್ಳೋಣ. ಆರೇ ವಚನಗಳು. ಮೊದಲ ಎರಡರಲ್ಲಿ ‘ಎಷ್ಟರವರೆಗೆ’ ಎಂಬ ಪ್ರಶ್ನೆ ಮೂಲದಲ್ಲಿ ನಾಲ್ಕು ಬಾರಿ ಬರುತ್ತದೆ. ಎರಡು ಬಾರಿ ಅದು ದೇವರ ಮೌನದ ಕುರಿತು, ಒಮ್ಮೆ ತನ್ನ ಒಳಗಿನ ಸಂಕಟದ ಕುರಿತು, ಒಮ್ಮೆ ಮೇಲುಗೈಯಾದ ವೈರಿಯ ಕುರಿತು. ಮೂರು, ನಾಲ್ಕನೆಯ ವಚನಗಳಲ್ಲಿ ಬೇಡಿಕೆ: ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು, ಇಲ್ಲವಾದರೆ ಸಾಯುತ್ತೇನೆ. ಐದನೆಯದರಲ್ಲಿ ಇದ್ದಕ್ಕಿದ್ದಂತೆ ಭರವಸೆಯ ಮಾತು. ನಾಲ್ಕಕ್ಕೂ ಐದಕ್ಕೂ ನಡುವೆ ಏನು ನಡೆಯಿತು ಎಂದು ಕೇಳಿ ಸುಮ್ಮನಿರಿ. ವೈರಿ ಸೋತನೆಂದು ಕೀರ್ತನೆಯಲ್ಲಿ ಎಲ್ಲಿಯೂ ಬರೆದಿಲ್ಲ, ರೋಗ ವಾಸಿಯಾಯಿತೆಂದೂ ಇಲ್ಲ. ಒಬ್ಬರು ಸ್ವಲ್ಪ ಹೊತ್ತಿನ ಬಳಿಕ ಅದನ್ನು ಗುರುತಿಸುತ್ತಾರೆ, ಚರ್ಚೆ ಅಲ್ಲಿಂದ ಮುಂದೆ ತಾನಾಗಿ ನಡೆಯುತ್ತದೆ. ಮುಂದಾಳು ಈ ಮೌನವನ್ನು ತುಂಬಲು ಆತುರಪಡಬಾರದು. ನಮ್ಮ ಕೂಟಗಳಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಮುಂದಾಳುವಿನ ಈ ಒಳ್ಳೆಯ ಮನಸ್ಸಿನ ಆತುರವೇ.

ಮೊರೆಯ ಕೀರ್ತನೆಗಳೇ ಪುಸ್ತಕದಲ್ಲಿ ಅತಿ ದೊಡ್ಡ ಗುಂಪು. ಆದರೂ ಯಾರಾದರೂ ನೋವು ಹೇಳಿಕೊಂಡ ಕೂಡಲೇ ಪಕ್ಕದವರು ಸಮಾಧಾನದ ವಚನವೊಂದನ್ನು ಎತ್ತಿ ಕೊಡುವ ಅಭ್ಯಾಸ ನಮ್ಮದು. 88ನೆಯ ಕೀರ್ತನೆಯನ್ನು ಸಾಲಿನಲ್ಲಿ ಸೇರಿಸಿದ್ದು ಈ ಕಾರಣಕ್ಕೆ. ಹೇಮಾನನ ಹೆಸರಿನ ಆ ಕೀರ್ತನೆಯಲ್ಲಿ ತಿರುವಿಲ್ಲ. ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅದನ್ನು ಓದಿದ ದಿನ ಕೊನೆಗೆ ಬೇರೊಂದು ಸಂತೋಷದ ಹಾಡು ಹಾಡಿ ಸರಿದೂಗಿಸಬೇಡಿ. ಸಮಾಧಾನದ ಒಂದು ಸಾಲೂ ಇಲ್ಲದ ಪ್ರಾರ್ಥನೆಯನ್ನು ಇಸ್ರಾಯೇಲಿನ ಸಭೆ ಜೋಪಾನವಾಗಿ ಉಳಿಸಿಕೊಂಡಿತು ಎಂಬುದನ್ನು ಹೇಳಿದರೆ, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ನೋಡಿಕೊಂಡಿರುವವರಿಗೆ ಅಷ್ಟೇ ಸಾಕಾಗುತ್ತದೆ.

137ನೆಯದು ಇನ್ನೂ ಕಠಿಣ. ಬಾಬೆಲಿನ ನದಿಗಳ ಬಳಿಯ ಅಳುವಿನಿಂದ ಆರಂಭವಾಗುವ ಅದು ಶತ್ರುಗಳ ಎಳೆಗೂಸುಗಳ ಕುರಿತಾದ ಭಯಂಕರ ಮಾತಿನಿಂದ ಮುಗಿಯುತ್ತದೆ. ಕೊನೆಯ ಮೂರು ವಚನಗಳನ್ನು ಬಿಟ್ಟು ಓದುವುದು ಸುಲಭ, ಆದರೆ ಮಕ್ಕಳೂ ಪುಸ್ತಕ ಬಿಡಿಸಿ ಕುಳಿತಿರುವಾಗ ಬಿಟ್ಟದ್ದೇ ಎದ್ದು ಕಾಣುತ್ತದೆ. ಪೂರ್ತಿ ಓದಿಸಿ, ಯೆರೂಸಲೇಮು ಸುಟ್ಟುಹೋಗಿ, ದೇವಾಲಯ ನೆಲಕಚ್ಚಿ, ಸೆರೆಯಾಗಿ ಒಯ್ಯಲ್ಪಟ್ಟವರ ಬಾಯಿಯ ಮಾತು ಇದೆಂದು ತಿಳಿಸಿ. ಇದು ಮಾಡಬೇಕಾದ ಕೆಲಸದ ಅಪ್ಪಣೆಯಲ್ಲ, ತೀರಿಸಲಾಗದ ಸೇಡನ್ನು ದೇವರ ಮುಂದೆ ಸುರಿದದ್ದು. ಆಮೇಲೆ ಸೇಡು ತೀರಿಸಿಕೊಳ್ಳಬೇಡಿ ಎನ್ನುವ, ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯವನ್ನು ಓದಿ ಎರಡನ್ನೂ ಪಕ್ಕಪಕ್ಕದಲ್ಲಿಡಿ. ಒಪ್ಪಂದಕ್ಕೆ ಬರಲೇಬೇಕೆಂದಿಲ್ಲ. 51ರಲ್ಲೂ ಇಂಥದೊಂದು ಮುಳ್ಳಿದೆ: ನಿನಗೆ ಮಾತ್ರವೇ ಪಾಪ ಮಾಡಿದ್ದೇನೆ ಎಂದು ದಾವೀದನು ದೇವರಿಗೆ ಹೇಳುವಾಗ, ಹೆಂಡತಿಯನ್ನು ಕಸಿದುಕೊಂಡು ದಾವೀದನೇ ಕೊಲ್ಲಿಸಿದ ಊರೀಯನ ಗತಿಯೇನು ಎಂದು ಯಾರಾದರೂ ಕೇಳುತ್ತಾರೆ, ಕೇಳಲೇಬೇಕು.

ಕರಾವಳಿಯ ಕೂಟಗಳಿಗೆ 107ನೆಯ ಕೀರ್ತನೆ ಹೇಳಿಮಾಡಿಸಿದಂತಿದೆ. ಮರುಭೂಮಿಯಲ್ಲಿ ದಾರಿ ತಪ್ಪಿದವರು, ಸೆರೆಯವರು, ರೋಗಿಗಳು, ಕಡಲಿಗೆ ಹೋದವರು ಎಂಬ ನಾಲ್ಕು ಗುಂಪುಗಳಿದ್ದು, ಪ್ರತಿಯೊಂದರಲ್ಲೂ ಕಷ್ಟದಲ್ಲಿ ಕೂಗಿಕೊಂಡರು ಎಂಬ ಮಾತೂ ಕೃತಜ್ಞತೆ ಸಲ್ಲಿಸಲಿ ಎಂಬ ಮಾತೂ ಮರಳುತ್ತವೆ. ಅಲೆ ಆಕಾಶಕ್ಕೆ ಎತ್ತಿ ಪಾತಾಳಕ್ಕೆ ಇಳಿಸುವುದು, ನಾವಿಕರು ಕುಡಿದವರಂತೆ ತೂರಾಡುವುದು, ಅವರ ಜಾಣತನವೆಲ್ಲ ಮುಗಿದುಹೋಗುವುದು 23ರಿಂದ 30ರವರೆಗಿನ ವಚನಗಳಲ್ಲಿದೆ. ಮಲ್ಪೆ, ಗಂಗೊಳ್ಳಿ ಕಡೆಯ ಕೂಟವಾದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ದಡದಲ್ಲಿರುವ ದಿನಗಳಲ್ಲಿ ಇದನ್ನು ಇಟ್ಟುಕೊಳ್ಳಿ. ಕಡಲಿಗೆ ಹೋಗುವವರು ಮನೆಯಲ್ಲಿರುತ್ತಾರೆ. ತಂಡೇಲನಾಗಿ, ಅಂದರೆ ಬೋಟಿನ ಮುಖ್ಯಸ್ಥನಾಗಿ, ದುಡಿದವರು ಯಾರಾದರೂ ಇದ್ದರೆ ಆ ದಿನ ವಿವರಣೆ ಅವರದೇ ಇರಲಿ. ಬಯಸಿದ ಬಂದರಿಗೆ ಸೇರಿಸಿದನು ಎಂಬ ಸಾಲಿನ ತೂಕ, ಅಳಿವೆಬಾಗಿಲಿನಲ್ಲಿ ಅಲೆಯೆದ್ದಾಗ ಬೋಟನ್ನು ಒಳಗೆ ತಂದವರಿಗೆ ಗೊತ್ತಿರುವಷ್ಟು ಉಪದೇಶಕನಿಗೆ ಗೊತ್ತಿರುವುದಿಲ್ಲ. ಇದೇ ರೀತಿಯಲ್ಲಿ ಗುಡುಗಿನ 29ನೆಯ ಕೀರ್ತನೆಯನ್ನು ಮಳೆಗಾಲದ ಆರಂಭಕ್ಕೂ, ಮಳೆ ಬೆಳೆಗಳ 65ನೆಯದನ್ನು ಸೆಪ್ಟೆಂಬರ್ 8ರ ಹೊಸ ತೆನೆಯ ಹಬ್ಬವಾದ ಮೊಂತಿ ಫೆಸ್ತಿನ ವಾರಕ್ಕೂ ಹೊಂದಿಸಬಹುದು.

ಭಾಷೆಯ ಬಗ್ಗೆ ಬಿಗಿತ ಬೇಡ. ಕೈಯಲ್ಲಿ ಕನ್ನಡ ಸತ್ಯವೇದವಿದ್ದರೂ ಮನೆಮಾತು ತುಳುವೋ ಕೊಂಕಣಿಯೋ ಆಗಿರುವವರೇ ನಮ್ಮಲ್ಲಿ ಹೆಚ್ಚು; ಬಾಸೆಲ್ ಮಿಶನ್ 1847ರಷ್ಟು ಹಿಂದೆಯೇ ತುಳುವಿನಲ್ಲಿ ಹೊಸ ಒಡಂಬಡಿಕೆಯನ್ನು ಹೊರತಂದ ನೆಲವಿದು. ಓದು ಕನ್ನಡದಲ್ಲಿ ನಡೆಯಲಿ, ಕೊನೆಯ ಪ್ರಾರ್ಥನೆ ಅವರವರ ಮನೆಮಾತಿನಲ್ಲಿ. ಆ ಪ್ರಾರ್ಥನೆಗೆ ಅಂದಿನ ಕೀರ್ತನೆಯ ಒಂದು ಸಾಲನ್ನು ಆರಂಭವಾಗಿ ಕೊಟ್ಟರೆ ಎಂದೂ ಬಾಯಿ ಬಿಡದವರೂ ಎರಡು ಮಾತು ಸೇರಿಸುತ್ತಾರೆ. ಇಡೀ ಕೂಟ ಒಂದೂಕಾಲು ಗಂಟೆಗೆ ಮುಗಿಯಬೇಕು. ಚಾ ಕೊನೆಗೆ ಬರಲಿ, ನಡುವೆ ಬಂದರೆ ಮಾತು ಮದುವೆ ಮುಂಜಿಯ ಕಡೆಗೆ ಹೊರಳುತ್ತದೆ. ಯೇಸು ಶಿಲುಬೆಯ ಮೇಲೆ 22ನೆಯ ಕೀರ್ತನೆಯ ಮೊದಲ ಸಾಲನ್ನು ಕೂಗಿದಂತಹ ಹೊಸ ಒಡಂಬಡಿಕೆಯ ನಂಟುಗಳನ್ನೂ ಚರ್ಚೆಯ ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಹೇಳಿದರೆ ಕೀರ್ತನೆಯ ಸ್ವಂತ ದನಿ ಕೇಳಿಸದೇ ಹೋಗುತ್ತದೆ.

ಎಂಟು ವಾರ ಕಳೆದ ಮೇಲೆ ಮುಂದುವರಿಯುವ ಆಸೆ ಕೂಟಕ್ಕಿದ್ದರೆ 120ರಿಂದ 134ರವರೆಗಿನ 15 ಯಾತ್ರಾಗೀತೆಗಳನ್ನು ತೆಗೆದುಕೊಳ್ಳಿ. ಒಂದನ್ನು ಬಿಟ್ಟರೆ ಎಲ್ಲವೂ ಚಿಕ್ಕವು, ವಾರಕ್ಕೆ ಎರಡರಂತೆ ಓದಬಹುದು. 176 ವಚನಗಳ 119ನೆಯ ಕೀರ್ತನೆಯನ್ನು ಮಾತ್ರ ಚರ್ಚೆಗೆ ಇಡಬೇಡಿ. ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ಎಂಟೆಂಟು ವಚನಗಳ 22 ಭಾಗಗಳಾಗಿ ಅದು ರಚಿತವಾಗಿರುವುದರಿಂದ, ವಾರಕ್ಕೊಂದು ಭಾಗವನ್ನು ಆರಂಭದ ಪ್ರಾರ್ಥನೆಯಾಗಿ ಓದಿಕೊಂಡು ಹೋದರೆ ಐದು ತಿಂಗಳಲ್ಲಿ ಮುಗಿಯುತ್ತದೆ.