ರೆಡಿಂಗ್‌ಗೆ ಹೊಸದಾಗಿ ಬಂದವ್ರಿಗೆ: ಇಲೆವೆನ್ ಪ್ಲಸ್ ಪುಸ್ತಕ ತರೋ ಮುಂಚೆ ಈ ಸ್ಕೂಲ್ ಕಥೆ ಓದಿ
ಇಂಗ್ಲೆಂಡಿನ ಈ ಊರಿನ ಹೆಸರನ್ನ ರೀಡಿಂಗ್ ಅನ್ನಲ್ಲ, ರೆಡಿಂಗ್ ಅಂತಾರೆ. ಇಲ್ಲಿ ನಮ್ಮೋರ ಮನೆಗೆ ಊಟಕ್ಕೆ ಹೋದ್ರೆ ಸಾರನ್ನ ಮುಗ್ಸಿ ಮಜ್ಜಿಗೆಗೆ ಬರೋದ್ರೊಳಗೆ ಗ್ರಾಮರ್ ಸ್ಕೂಲ್ ಮಾತು ಬಂದೇ ಬರುತ್ತೆ. ನಾನು ಬಂದ ಹೊಸದ್ರಲ್ಲಿ ಅದು ಇಂಗ್ಲಿಷ್ ವ್ಯಾಕರಣ ಚೆನ್ನಾಗಿ ಹೇಳ್ಕೊಡೋ ದೊಡ್ಡ ಪ್ರೈವೇಟ್ ಸ್ಕೂಲ್ ಇರ್ಬೇಕು, ಫೀಸು ನಮ್ ಕೈಲಿ ಆಗಲ್ಲ ಅಂದ್ಕೊಂಡು ಎರಡು ವರ್ಷ ವಿಚಾರಿಸೋಕ್ಕೂ ಹೋಗಿರ್ಲಿಲ್ಲ. ಆಮೇಲೆ ಗೊತ್ತಾಯ್ತು, ಅದು ಪರೀಕ್ಷೆ ಬರೆಸಿ ಮಕ್ಕಳನ್ನ ಸೇರಿಸ್ಕೊಳ್ಳೋ ಸರ್ಕಾರಿ ದುಡ್ಡಿನ ಸ್ಕೂಲ್, ಆ ಪರೀಕ್ಷೆಗೇ ಇಲೆವೆನ್ ಪ್ಲಸ್ ಅನ್ನೋದು ಅಂತ. ಅದಕ್ಕೇ ಇದನ್ನ ಬರೀತಿದೀನಿ.

ಮೊದ್ಲು ಹೆಸರಿನ ವಿಷ್ಯ. ಗ್ರಾಮರ್ ಅಂದ್ರೆ ಇಲ್ಲಿ ಲ್ಯಾಟಿನ್ ವ್ಯಾಕರಣ. ನಮ್ಮ ಪಾಠಶಾಲೆಗಳಲ್ಲಿ ರಾಮಃ ರಾಮೌ ರಾಮಾಃ ಅಂತ ಬಾಯಿಪಾಠ ಮಾಡಿಸ್ತಿದ್ರಲ್ಲ, ಹಾಗೇ ಇಲ್ಲೂ ಹುಡುಗ್ರನ್ನ ಕೂರಿಸಿ ಲ್ಯಾಟಿನ್ ಶಬ್ದರೂಪ ಉರು ಹೊಡೆಸ್ತಿದ್ರು, ಯಾಕಂದ್ರೆ ಚರ್ಚು, ಕೋರ್ಟು, ಆಕ್ಸ್‌ಫರ್ಡು, ಎಲ್ಲಿಗೆ ಹೋಗ್ಬೇಕಂದ್ರೂ ಆ ಭಾಷೆ ಬೇಕಿತ್ತು.

ಈ ಊರಿನ ಗ್ರಾಮರ್ ಸ್ಕೂಲ್, ಅಂದ್ರೆ ರೆಡಿಂಗ್ ಸ್ಕೂಲ್, ಶುರುವಾಗಿದ್ದೂ ಒಂದು ಮಠದಿಂದಾನೇ. 1ನೇ ಹೆನ್ರಿ ರಾಜ 1121ರಲ್ಲಿ ಇಲ್ಲಿ ದೊಡ್ಡ ಆಬಿ, ಅಂದ್ರೆ ಕ್ರೈಸ್ತ ಸನ್ಯಾಸಿಗಳ ಮಠ, ಕಟ್ಟಿಸಿದ. ನಮ್ಮಲ್ಲಿ ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವನ್ನ ಪ್ರತಿಷ್ಠೆ ಮಾಡಿದ್ದು 1117, ಅಂದ್ರೆ ಹೆಚ್ಚುಕಮ್ಮಿ ಒಂದೇ ಕಾಲ, ಹೀಗೆ ಹೋಲಿಸಿ ಹೇಳಿದ್ರೆ ಮಕ್ಕಳಿಗೆ ತಕ್ಷಣ ಅರ್ಥ ಆಗುತ್ತೆ. ಸ್ಕೂಲ್‌ನೋರು ತಮ್ಮ ಹುಟ್ಟಿದ ವರ್ಷ 1125 ಅಂತ ಲೆಕ್ಕ ಇಡ್ತಾರೆ. ಆ ಕಾಲದಲ್ಲಿ ಸಾಲ್ಸ್‌ಬರಿಯ ಬಿಷಪ್ ರೋಜರ್, ಮಠದೋರ ಒಪ್ಪಿಗೆ ಇಲ್ದೆ ರೆಡಿಂಗ್‌ನಲ್ಲಿ ಯಾರೂ ಶಾಲೆ ನಡೆಸೋ ಹಾಗಿಲ್ಲ ಅಂತ ಅಪ್ಪಣೆ ಕೊಟ್ಟಿದ್ದ.

ಆಮೇಲಿನ ಕಥೆ ನಂಗೆ ತುಂಬಾ ಇಷ್ಟ. ಮಠದ ಪಕ್ಕದಲ್ಲಿ ಸೇಂಟ್ ಜಾನ್ ಹೆಸರಲ್ಲಿ ಬಡವರಿಗೆ ಒಂದು ಧರ್ಮಛತ್ರ ಇತ್ತು, ಅಲ್ಲಿನ ಮಠಾಧಿಪತಿ ಅದನ್ನ ಮುಚ್ಚಿ ಆದಾಯ ಎಲ್ಲಾ ಮಠಕ್ಕೆ ಸೇರಿಸ್ಕೊಂಡಿದ್ದ. 1486ರಲ್ಲಿ 7ನೇ ಹೆನ್ರಿ ಊರಿಗೆ ಬಂದಾಗ ವಿಷ್ಯ ತಿಳಿದು, ಹಂಗಾದ್ರೆ ಆ ಜಾಗದಲ್ಲಿ ಗ್ರಾಮರ್ ಸ್ಕೂಲ್ ಮಾಡಿ ಅಂದ. ಅಂದ್ರೆ ನುಂಗಿ ಹಾಕಿದ್ದ ದಾನದ ಆಸ್ತಿ ತಿರುಗಿ ಮಕ್ಕಳ ಓದಿಗೆ ಬಂತು. 1539ರಲ್ಲಿ 8ನೇ ಹೆನ್ರಿ ಮಠಾನೇ ಮುಚ್ಚಿಸಿ ಕೊನೇ ಮಠಾಧಿಪತಿ ಹ್ಯೂ ಫ್ಯಾರಿಂಗ್ಡನ್‌ನ ಇದೇ ಊರಲ್ಲಿ ಕೊಲ್ಲಿಸಿದ, ಆದ್ರೂ ಸ್ಕೂಲ್ ಉಳೀತು, ಮೇಷ್ಟ್ರಿಗೆ ವರ್ಷಕ್ಕೆ 10 ಪೌಂಡ್ ಸಂಬಳ. 1560ರಲ್ಲಿ 1ನೇ ಎಲಿಜಬೆತ್ ಆ ಜವಾಬ್ದಾರೀನ ಊರಿನ ಕಾರ್ಪೊರೇಷನ್‌ಗೆ ವಹಿಸಿದ್ಲು.

ಇಲ್ಲೇ ಊರಲ್ಲಿ ಬಟ್ಟೆ ವ್ಯಾಪಾರ ಮಾಡ್ತಿದ್ದೋರ ಮಗ ವಿಲಿಯಂ ಲಾಡ್ ಈ ಸ್ಕೂಲಲ್ಲಿ ಓದಿ, ಸ್ಕಾಲರ್‌ಶಿಪ್ ಮೇಲೆ ಆಕ್ಸ್‌ಫರ್ಡ್‌ಗೆ ಹೋಗಿ, 1633ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ, 1645ರಲ್ಲಿ ತಲೇನೂ ಕಳ್ಕೊಂಡ. 1781ರಿಂದ 50 ವರ್ಷದ ಹತ್ರ ರಿಚರ್ಡ್ ವ್ಯಾಲ್ಪಿ ಅನ್ನೋರು ಹೆಡ್‌ಮೇಷ್ಟ್ರು, ಪಾಠಕ್ಕೂ ಹೆಸರು ಬೆತ್ತಕ್ಕೂ ಹೆಸರು. ಅಷ್ಟು ಬೆಳೆದ ಸ್ಕೂಲ್ ಅವ್ರ ನಂತರ ಬಡವಾಗ್ತಾ ಬಂದು, 1866ರಲ್ಲಿ ಇನ್ಸ್‌ಪೆಕ್ಟರ್ ಬಂದು ನೋಡಿದ್ರೆ ಇದ್ದಿದ್ದು ಮೂರೇ ಹುಡುಗ್ರು, ಬಾಗಿಲು ಮುಚ್ಚಿದ್ರು! ಮಾರನೇ ವರ್ಷ ಕಾಯ್ದೆ ಮಾಡಿ, 1871ಕ್ಕೆ ಅರ್ಲಿ ರೋಡಲ್ಲಿ ಈಗಿರೋ ಕೆಂಪು ಇಟ್ಟಿಗೆ ಕಟ್ಟಡ ಎಬ್ಬಿಸಿದ್ರು. ಆರ್ಕಿಟೆಕ್ಟ್ ಆಲ್ಫ್ರೆಡ್ ವಾಟರ್‌ಹೌಸ್, ಟೌನ್ ಹಾಲ್‌ನ ಗಡಿಯಾರ ಗೋಪುರಾನೂ ಅವ್ರದ್ದೇ.

1944ರ ಶಿಕ್ಷಣ ಕಾಯ್ದೆ ಬಂದ ಮೇಲೆ ಪಾಠಕ್ಕೆ ಫೀಸ್ ಇಲ್ಲ, ಇವತ್ತಿಗೂ ಇಲ್ಲ, ಸರ್ಕಾರದ ದುಡ್ಡಲ್ಲೇ ನಡೆಯುತ್ತೆ. ಬೋರ್ಡಿಂಗಲ್ಲಿ ಇರೋರು ಮಾತ್ರ ಅಲ್ಲಿನ ಖರ್ಚು ಕಟ್ಬೇಕು. ಇದು ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಇದೇ ಊರಲ್ಲಿ ಕೆಂಡ್ರಿಕ್ ಸ್ಕೂಲ್ ಇದೆ.

ಈಗ ಕೆಲಸದ ವಿಷ್ಯ. ಮಗು ಇಯರ್ 5ರಲ್ಲಿ (ಒಂಬತ್ತು-ಹತ್ತು ವಯಸ್ಸಿನ ಕ್ಲಾಸು) ಇರೋವಾಗ್ಲೇ ಪರೀಕ್ಷೆಗೆ ಸ್ಕೂಲ್ ವೆಬ್‌ಸೈಟಲ್ಲಿ ರಿಜಿಸ್ಟರ್ ಮಾಡ್ಬೇಕು, ಪರೀಕ್ಷೆ ಇಯರ್ 6ರ ಸೆಪ್ಟೆಂಬರ್‌ನಲ್ಲಿ. ಇಷ್ಟೇ ಸಾಕು ಅಂತ ಸುಮ್ನೆ ಕೂರ್ಬೇಡಿ, ನಿಮ್ಮ ಕೌನ್ಸಿಲ್‌ಗೆ ಅಕ್ಟೋಬರ್ 31ರೊಳಗೆ ಬೇರೆ ಅರ್ಜಿ ಹಾಕ್ಬೇಕು, ನಮ್ಮ ಸ್ನೇಹಿತರೊಬ್ರು ಪರೀಕ್ಷೆ ಬರೆಸಿ ಇದನ್ನ ಮರ್ತು ತುಂಬಾ ಒದ್ದಾಡಿದ್ರು. ಸೀಟಿನ ಪತ್ರ ಮಾರ್ಚ್ 1ಕ್ಕೆ ಬರುತ್ತೆ. ಮನೆ ಬಾಡಿಗೆಗೆ ಹಿಡಿಯೋ ಮುಂಚೆ ಆ ವರ್ಷದ ಅಡ್ಮಿಷನ್ ಪಾಲಿಸಿಲಿ ಯಾವ್ಯಾವ ಪೋಸ್ಟ್‌ಕೋಡ್‌ಗೆ ಆದ್ಯತೆ ಇದೆ ನೋಡ್ಕೊಳ್ಳಿ. ಅಲ್ಲಿ ಇಲ್ಲಿ ಕೇಳಿದ್ದನ್ನ ನಂಬ್ಬೇಡಿ.

ಮತ್ತೆ ಕೇಳಿ, ಮಗೂಗೆ ಒಂಬತ್ತು ವರ್ಷಕ್ಕೇ ಟ್ಯೂಷನ್ ಹಚ್ಚೋದೇ ದೊಡ್ಡ ಕೆಲಸ ಅಂದ್ಕೋಬೇಡಿ. ಒಂದು ಭಾನುವಾರ ಚಿತ್ರಾನ್ನ ಕಟ್ಕೊಂಡು ಫೋರ್ಬರಿ ಗಾರ್ಡನ್ಸ್‌ಗೆ ಹೋಗಿ. ಅಲ್ಲಿಂದ ಎರಡು ಹೆಜ್ಜೆಗೆ ಆಬಿಯ ಮುರಿದ ಗೋಡೆಗಳು, ನೋಡೋಕೆ ದುಡ್ಡು ಕೊಡ್ಬೇಕಾಗಿಲ್ಲ, ಕಟ್ಟಿಸಿದ ರಾಜನ್ನೂ ಅಲ್ಲೇ ಹೂತಿದ್ರು. ಸೇಂಟ್ ಲಾರೆನ್ಸ್ ಚರ್ಚ್ ಹಿಂದೆ ಹಳೇ ಹಾಸ್ಪಿಟಿಯಂನ ಒಂದು ಭಾಗ ಇನ್ನೂ ನಿಂತಿದೆ, ಯಾತ್ರಿಕರು ತಂಗ್ತಿದ್ದ ಜಾಗ, ಲಾಡ್ ಕಾಲದ ಹುಡುಗ್ರು ಲ್ಯಾಟಿನ್ ಉರು ಹೊಡೀತಿದ್ದಿದ್ದೂ ಇದೇ ಹಾಸ್ಪಿಟಿಯಂ ಆವರಣದಲ್ಲೇ.