ಸಿಡಿಲಿಗೆ ಸುಟ್ಟ ಇನ್ವರ್ಟರ್, ಆಮೇಲೆ ನಾನು ಮಾಡಿದ್ದು

ಮೇ ತಿಂಗಳ ಗುಡುಗು ಮಳೆಯಲ್ಲಿ ಬೀದರಿನ ನಮ್ಮ ಮನೆಯ ಸೋಲಾರ್ ಇನ್ವರ್ಟರ್ ಸುಟ್ಟುಹೋಯಿತು. ಸಿಡಿಲು ಬಿದ್ದದ್ದು ಪಕ್ಕದ ಹೊಲದ ಬೇವಿನ ಮರಕ್ಕೆ. ಅಷ್ಟೇ ಸಾಕಾಯಿತು. ಪ್ಯಾನೆಲ್‌ನ ಪ್ಲಸ್, ಮೈನಸ್ ವೈರುಗಳು ದೂರ ದೂರ ಇದ್ದರೆ ಹತ್ತಿರದ ಸಿಡಿಲಿಗೇ ಅವುಗಳಲ್ಲಿ ವೋಲ್ಟೇಜ್ ಏರುತ್ತದೆ. ಅದಕ್ಕೇ ಎರಡು ವೈರುಗಳನ್ನೂ ಉದ್ದಕ್ಕೂ ಅಕ್ಕಪಕ್ಕವಾಗಿ ಕಟ್ಟಿದೆ. ಇನ್ವರ್ಟರ್‌ನ ಡಿಸಿ (ಪ್ಯಾನೆಲ್ ಕಡೆ), ಎಸಿ (ಮನೆ ಕಡೆ) ಎರಡೂ ಕಡೆ ಸರ್ಜ್ ಪ್ರೊಟೆಕ್ಟರ್, ಅಂದರೆ ದಿಢೀರ್ ಏರಿದ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸಾಧನ, ಹಾಕಿಸಿದೆ. ಅದನ್ನು ಜೋಡಿಸುವ ವೈರು ಅರ್ಧ ಮೀಟರ್ ಒಳಗಿರಲಿ, ಉದ್ದವಾದರೆ ಉಪಯೋಗ ಕಡಿಮೆ.

ನಿಜವಾದ ಕಷ್ಟ ಅರ್ಥಿಂಗ್‌ನದು. ನಮ್ಮದು ಜಂಬಿಟ್ಟಿಗೆ ಕಲ್ಲಿನ ನೆಲ ಅಲ್ವಾ, ಬೇಸಿಗೆಯಲ್ಲಿ ತೇವವೇ ಇರುವುದಿಲ್ಲ. ಅರ್ಥಿಂಗ್‌ನ ರೋಧ (ಕಡಿಮೆ ಇದ್ದಷ್ಟೂ ಒಳ್ಳೆಯದು) ಅಳೆದಾಗ 40 ಓಮ್! ಇನ್ನೆರಡು ರಾಡ್ ಇಳಿಸಿ, ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಮಣ್ಣು ತುಂಬಿಸಿದೆ. ಪ್ಯಾನೆಲ್ ಫ್ರೇಮಿನ ಅರ್ಥಿಂಗನ್ನೂ ಮನೆಯದನ್ನೂ ಒಂದಕ್ಕೊಂದು ಜೋಡಿಸಿದೆ. ಈಗ 6 ಓಮ್. ಗುಡುಗಿದ ಮರುದಿನ ಪ್ರೊಟೆಕ್ಟರ್‌ನ ಪುಟ್ಟ ಕಿಟಕಿ ಹಸಿರಾಗಿದೆಯಾ ಎಂದು ನೋಡುತ್ತೇನೆ. ಕೆಂಪಾದರೆ ಬದಲಿಸಬೇಕು.