ಕಾಸ್ಟಿಕ್ ಇಲ್ಲದೆ ಸ್ಟ್ರುವೈಟ್: ನನ್ನ ಅನುಭವ

ಡೈಜೆಸ್ಟರ್‌ನ (ಗಾಳಿಯಿಲ್ಲದೆ ಕೊಳೆಸುವ ತೊಟ್ಟಿಯ) ಸ್ಲಡ್ಜ್, ಎಂದರೆ ಕೆಸರು, ಹಿಂಡಿದಾಗ ಬರುವ ನೀರಿನಿಂದ ರಂಜಕವನ್ನು ಸ್ಟ್ರುವೈಟ್ ಹರಳಾಗಿ (ಮೆಗ್ನೀಷಿಯಂ, ಅಮೋನಿಯಂ, ಫಾಸ್ಫೇಟ್ ಮತ್ತು ನೀರು ಸೇರಿ ಕಟ್ಟುವ ಲವಣ) ಪಡೆಯಲು, ಪಿಹೆಚ್ ಏರಿಸಿ ನೀರನ್ನು ಕ್ಷಾರೀಯವಾಗಿಸುವ ಕಾಸ್ಟಿಕ್ ಸೋಡಾ ಬೇಕೇ ಬೇಕೆಂಬುದು ನಮ್ಮ ಪ್ರಯೋಗಾಲಯದಲ್ಲಿ ಎಲ್ಲರ ಮಾತಾಗಿತ್ತು. ನಾನೂ ಹಾಗೆಯೇ ಆರಂಭಿಸಿ, ಬೇಸಿಗೆ ಸಂಶೋಧನೆಗೆಂದು ದೊರೆತ ಪುಟ್ಟ ಅನುದಾನದ ಅರ್ಧವನ್ನು ಮೊದಲ ಮೂರು ವಾರಗಳಲ್ಲೇ ಕರಗಿಸಿದೆ.

ಹತ್ತು ಲೀಟರಿನ ಮೊದಲ ಬ್ಯಾಚಿನಲ್ಲಿ, ಸೋಸಿ ಪರೀಕ್ಷಿಸಿದ ನೀರಿನ ರಂಜಕ ಲೀಟರಿಗೆ ಸುಮಾರು 120 ಮಿಲಿಗ್ರಾಂನಿಂದ 12ರ ಆಸುಪಾಸಿಗೆ ಇಳಿದಿತ್ತು. ಲೆಕ್ಕದಂತೆ ಎಂಟೂವರೆ ಗ್ರಾಂ ಹರಳು ಸಿಗಬೇಕಿತ್ತು. ತಕ್ಕಡಿ ತೋರಿಸಿದ್ದು ಎರಡೂವರೆ ಗ್ರಾಂ. ಮುಂದಿನ ಬ್ಯಾಚಿನಲ್ಲಿ ಹರಳು ಒಣಗಿಸುವ 105 ಡಿಗ್ರಿಯ ಓವನ್ನಿನ ಬಾಗಿಲನ್ನು ಒಂದು ಗಂಟೆಗೇ ತೆರೆದಾಗ ಅಮೋನಿಯಾದ ಘಾಟು ಮೂಗಿಗೆ ಬಡಿಯಿತು. ಹರಳಿನೊಳಗಿನ ನೀರು ಮತ್ತು ಅಮೋನಿಯಾವನ್ನು, ಎಂದರೆ ತೂಕದ ಅರ್ಧವನ್ನು, ನಾನೇ ಸುಟ್ಟು ಕಳೆಯುತ್ತಿದ್ದೆ. ಅಷ್ಟನ್ನು ಕೂಡಿಸಿದರೂ ಇನ್ನೂ ಮೂರೂವರೆ ಗ್ರಾಂ ನಾಪತ್ತೆ: ಕಾಸ್ಟಿಕ್ ಸುರಿದೊಡನೆ ನೀರು ಹಾಲಿನಂತೆ ಬೆಳ್ಳಗಾಗುತ್ತಿತ್ತು, ಆ ಹಿಟ್ಟಿನಂಥ ಹರಳು ತಳಕ್ಕಿಳಿಯದೆ ಹೊರನೀರಿನೊಡನೆ ಹರಿದುಹೋಗುತ್ತಿತ್ತು.

ಆದ್ದರಿಂದ ಕಾಸ್ಟಿಕ್ ಬಿಟ್ಟು, ಗಾಳಿಕಲ್ಲಿನಿಂದ (ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ರಂಧ್ರಗಳ ಕಲ್ಲು) ಗುಳ್ಳೆ ಹಾಯಿಸಿ ಇಂಗಾಲದ ಡೈಆಕ್ಸೈಡನ್ನು ಹೊರಗಟ್ಟಿದೆ; ಅದು ಹೋದಷ್ಟೂ ಪಿಹೆಚ್ ತಾನೇ ಏರುತ್ತದೆ. ಇದು ಆಗದ ಕೆಲಸವೆಂದವರೇ ಪಿಹೆಚ್ ಎರಡು ಗಂಟೆಯಲ್ಲಿ 7.7ರಿಂದ 8.6ಕ್ಕೆ ಏರಿದ್ದನ್ನು ಬಂದು ನೋಡಿದರು. ಹಿಂದಿನ ಬ್ಯಾಚಿನ ಹರಳನ್ನೇ ಬೀಜವಾಗಿ ಹಾಕಿ, ಮೆಗ್ನೀಷಿಯಂ ಕ್ಲೋರೈಡನ್ನು ರಂಜಕದ ಪ್ರತಿ ಮೋಲಿಗೆ 1.3 ಮೋಲಿನಂತೆ ಹನಿಹನಿಯಾಗಿ ಬಿಟ್ಟೆ. ಬೀಜವನ್ನು ಯಾವ ಹೊತ್ತಿಗೆ ಹಾಕಬೇಕೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ರಂಜಕ 20ರ ಹತ್ತಿರ ನಿಂತಿತು, ಕಾಸ್ಟಿಕ್‌ನಷ್ಟು ಇಳಿಯಲಿಲ್ಲ. ಆದರೆ ಕೋಣೆಯ ಗಾಳಿಯಲ್ಲೇ ಒಣಗಿಸಿದ, ಬೆರಳಿಗೆ ಸಕ್ಕರೆಯಂತೆ ತರಿಯಾಗಿ ಸಿಗುವ ಹರಳು ಏಳು ಗ್ರಾಂ ದಾಟಿತು. ಖರ್ಚಿಳಿಸಲು ಮೆಗ್ನೀಷಿಯಂ ಆಕ್ಸೈಡನ್ನೂ ಹಾಕಿ ನೋಡಿದೆ; ಕರಗದ ಪುಡಿ ಹರಳಿನೊಡನೆ ಬೆರೆತು ತೂಕವನ್ನು ಸುಳ್ಳಾಗಿ ಏರಿಸಿತು.

ಐದಾರು ಬ್ಯಾಚಿಗೆ ಗಾಳಿಕಲ್ಲಿನ ರಂಧ್ರಗಳೆಲ್ಲ ಸ್ಟ್ರುವೈಟಿನಿಂದ ಕಟ್ಟಿಕೊಂಡವು. ಸಿಟ್ರಿಕ್ ಆಮ್ಲದಲ್ಲಿ ತೊಳೆದೆ, ಅದರಲ್ಲಿ ಕರಗಿದ ರಂಜಕವೂ ವ್ಯರ್ಥವಾಗಬಾರದೆಂಬ ಜಿಪುಣತನದಿಂದ ತೊಳೆದ ನೀರನ್ನು ಮುಂದಿನ ಬ್ಯಾಚಿಗೇ ಸುರಿದೆ. ಅಂದು ಸಂಜೆಯವರೆಗೂ ಹರಳು ಕಟ್ಟಲೇ ಇಲ್ಲ, ಏಕೆಂದರೆ ಸಿಟ್ರೇಟ್ ಮೆಗ್ನೀಷಿಯಂ ಅನ್ನು ಹಿಡಿದಿಟ್ಟು ಹರಳಿನ ಬೆಳವಣಿಗೆಯನ್ನೇ ತಡೆಯುತ್ತದೆ. ಈಗ ಆ ನೀರಿಗೆ ಬೇರೆಯೇ ಒಂದು ಬಕೆಟ್ ಇಟ್ಟಿದ್ದೇನೆ.